ಫುಟ್‌ಬಾಲ್ ಕಲಿಸಿದ ಒಬ್ಬ ಶಾಲಾ ಮಾಸ್ತರರು

ಇಟಗಿಯ ಇತಿಹಾಸ ಎಂದ ಕೂಡಲೇ ಎಲ್ಲರ ಕಣ್ಣು ಮಹಾದೇವ ದೇವಾಲಯದ ಕಡೆ ಹೊರಳುತ್ತದೆ. ಅದು ಸಹಜ. 1112ರಲ್ಲಿ ಚಾಲುಕ್ಯ ವಿಕ್ರಮಾದಿತ್ಯನ ದಂಡನಾಯಕ ಮಹಾದೇವ ಕಟ್ಟಿಸಿದ, ಶಾಸನವೇ ‘ದೇವಾಲಯ ಚಕ್ರವರ್ತಿ’ ಎಂದು ಕರೆದ ಗುಡಿ ನಮ್ಮದು. ಅದರ ಬಗ್ಗೆ ನನಗಿಂತ ತಿಳಿದವರು ಬರೆಯುತ್ತಾರೆ. ನಾನು ಬರೆಯಹೊರಟಿರುವುದು ಅಷ್ಟು ಹಳೆಯದಲ್ಲದ, ಆದರೆ ನಮ್ಮ ಮಕ್ಕಳ ಕಿವಿಗೆ ಬೀಳದ ಇನ್ನೊಂದು ಇತಿಹಾಸ. ಅದು ಫುಟ್‌ಬಾಲ್ ಆಟದ ನಿಯಮಗಳ ಕಥೆ ಮತ್ತು ಆ ಆಟವನ್ನು ಕಲಿಸಿದ ಒಬ್ಬ ಮಾಸ್ತರರ ಕಥೆ.

ಇದನ್ನು ಬರೆಯಲು ಕಾರಣ ಒಂದು ಸೋಲು.

2002ರಲ್ಲಿ ನಾನು ಹತ್ತನೆಯ ತರಗತಿಯಲ್ಲಿದ್ದೆ. ಆ ವರ್ಷ ಬ್ರೆಜಿಲ್ ವಿಶ್ವಕಪ್ ಗೆದ್ದಿತ್ತು. ಪತ್ರಿಕೆಯಲ್ಲಿ ಬಂದ ರೊನಾಲ್ಡೊನ ಫೋಟೊ ನೋಡಿ ನಮ್ಮಲ್ಲೊಬ್ಬ ಹಣೆಯ ಮೇಲೆ ಮಾತ್ರ ಕೂದಲು ಬಿಡಿಸಿಕೊಂಡು ಬಂದು, ಮನೆಯಲ್ಲಿ ಏಟು ತಿಂದಿದ್ದ. ಶಾಲೆಯಲ್ಲಿ ಒಂದು ಫುಟ್‌ಬಾಲ್ ಇತ್ತು. ಸೈಕಲ್ ಅಂಗಡಿಯಲ್ಲಿ ಗಾಳಿ ತುಂಬಿಸಿ, ಚಪ್ಪಲಿಗಳನ್ನೇ ಗೋಲ್ ಕಂಬ ಮಾಡಿಕೊಂಡು ಸಂಜೆಯವರೆಗೆ ಒದೆಯುತ್ತಿದ್ದೆವು. ನಮಗೆ ಗೊತ್ತಿದ್ದ ನಿಯಮ ಒಂದೇ: ಕೈ ಮುಟ್ಟಿಸಬಾರದು.

ಅಷ್ಟೇ ತಿಳಿವಳಿಕೆ ಇಟ್ಟುಕೊಂಡು ತಾಲ್ಲೂಕು ಮಟ್ಟದ ಪಂದ್ಯಕ್ಕೆ ಹೋದೆವು. ಚೆಂಡು ಗೆರೆ ದಾಟಿದಾಗಲೆಲ್ಲ ಅದನ್ನು ಒಳಗೆಸೆಯುವ ಕೆಲಸ ನನ್ನದು. ಹುಣಸೆಕಾಯಿಗೆ ಕಲ್ಲು ಬೀರುವ ಹಾಗೆ ಒಂದು ಕಾಲೆತ್ತಿ, ಒಂದೇ ಕೈಯಲ್ಲಿ ಎಸೆದೆ. ರೆಫರಿ ಸೀಟಿ ಊದಿ ಚೆಂಡನ್ನು ಎದುರಾಳಿಗೆ ಕೊಟ್ಟರು. ಮೂರು ಸಲ ಹೀಗೇ ಆಯಿತು. ಕೊನೆಗೆ ನಾವು ಹೊಡೆದ ಒಂದೇ ಒಂದು ಗೋಲನ್ನೂ ‘ಆಫ್‌ಸೈಡ್’ ಎಂದು ತಳ್ಳಿಹಾಕಿದರು. ಬಸ್ಸಿನಲ್ಲಿ ಊರು ಮುಟ್ಟುವವರೆಗೂ ಆ ರೆಫರಿಯನ್ನು ಬೈದೆವು.

ಮರುದಿನ ನಮ್ಮ ದೈಹಿಕ ಶಿಕ್ಷಕರ ಮುಂದೆ ನಿಂತು, “ಸರ್, ಮೋಸ ಆತ್ರಿ” ಎಂದೆ. ಅವರು ಕಬಡ್ಡಿ ಆಟಗಾರರು. ಫುಟ್‌ಬಾಲ್ ತಮಗೂ ಹೊಸದು ಎಂದು ಮುಚ್ಚುಮರೆಯಿಲ್ಲದೆ ಹೇಳುತ್ತಿದ್ದರು. “ನಿಯಮ ಗೊತ್ತಿಲ್ದ ಮೋಸ ಅನಬಾರದೋ ತಮ್ಮಾ. ಮೊದಲು ಕಲಕೊಂಡು ಬಾ, ನನಗೂ ಹೇಳು” ಎಂದರು.

ಆ ಮಾತು ನನಗೆ ತಿಳಿದದ್ದು ಹತ್ತು ವರ್ಷದ ಮೇಲೆ, ಬೆಂಗಳೂರಿನಲ್ಲಿ. ಭಾನುವಾರ ಸಹೋದ್ಯೋಗಿಗಳ ಜೊತೆ ಆಡುವಾಗ ಕೇರಳದ ಗೆಳೆಯನೊಬ್ಬ ನೆಲದ ಮೇಲೆ ನಾಲ್ಕು ಕಲ್ಲಿಟ್ಟು ಆಫ್‌ಸೈಡ್ ವಿವರಿಸಿದ. ಎದುರಾಳಿಯ ಅರ್ಧದೊಳಗೆ, ನಮ್ಮವನು ಚೆಂಡು ಒದೆಯುವ ಕ್ಷಣದಲ್ಲಿ, ಚೆಂಡಿಗಿಂತಲೂ ಎದುರಾಳಿಯ ಕೊನೆಯಿಂದ ಎರಡನೆಯವನಿಗಿಂತಲೂ ಗೋಲಿನ ಗೆರೆಗೆ ಹತ್ತಿರ ನಿಂತು ಆಟದಲ್ಲಿ ಸೇರಿಕೊಂಡರೆ ಅದು ತಪ್ಪು. ಗೋಲಿನ ಬಾಯಲ್ಲೇ ಕಾದು ಕುಳಿತು ಚೆಂಡು ತಳ್ಳುವುದು ಆಟವಲ್ಲ ಎಂಬುದೇ ಅದರ ಅರ್ಥ. ಕಬಡ್ಡಿಯ ಗೆರೆಗಳನ್ನು ಬಲ್ಲ ನಮ್ಮ ಹುಡುಗರಿಗೆ ಇದು ಕಷ್ಟದ ಲೆಕ್ಕವೇನಲ್ಲ. ಅಂದು ನಮ್ಮವನು ಹಾಗೆಯೇ ನಿಂತಿದ್ದ. ಆ ರೆಫರಿ ನಮಗೆ ಅನ್ಯಾಯ ಮಾಡಿರಲಿಲ್ಲ.

ನಿಯಮಗಳು ಬೆಳೆದ ಬಗೆ

ನಿಯಮಗಳೂ ಒಂದೇ ದಿನ ಹುಟ್ಟಿದವಲ್ಲ. 1863ರಲ್ಲಿ ಲಂಡನ್ನಿನಲ್ಲಿ ಕೆಲವು ಕ್ಲಬ್ಬುಗಳವರು ಕೂಡಿ ‘ಫುಟ್‌ಬಾಲ್ ಅಸೋಸಿಯೇಷನ್’ ಸ್ಥಾಪಿಸಿ 13 ನಿಯಮ ಬರೆದರು. ಅದಕ್ಕೂ ಮೊದಲು ಇಂಗ್ಲೆಂಡಿನ ಒಂದೊಂದು ಶಾಲೆಗೆ ಒಂದೊಂದು ನಿಯಮ. ಬೇರೆ ಶಾಲೆಯವರ ಜೊತೆ ಆಡಬೇಕೆಂದರೆ ಮೊದಲು ಜಗಳ! ಆ 13 ನಿಯಮಗಳಲ್ಲಿ ಗೋಲ್‌ಕೀಪರ್‌ನ ಹೆಸರೇ ಇರಲಿಲ್ಲ. ಅವನು ನಿಯಮದ ಪುಸ್ತಕಕ್ಕೆ ಬಂದದ್ದು 1871ರಲ್ಲಿ. ಪೆನಾಲ್ಟಿ ಬಂದದ್ದು 1891ರಲ್ಲಿ. ಆಫ್‌ಸೈಡ್‌ಗೆ ಮೊದಲು ಮೂವರು ಎದುರಾಳಿಗಳ ಲೆಕ್ಕವಿತ್ತು, 1925ರಲ್ಲಿ ಅದು ಇಬ್ಬರಿಗೆ ಇಳಿಯಿತು. ಹಳದಿ, ಕೆಂಪು ಕಾರ್ಡುಗಳು ಬಂದದ್ದು 1970ರ ವಿಶ್ವಕಪ್‌ನಲ್ಲಿ. ಭಾಷೆ ಬಾರದ ಆಟಗಾರನಿಗೂ ಎಚ್ಚರಿಕೆ ತಿಳಿಯಲಿ ಎಂದು ಇಂಗ್ಲೆಂಡಿನ ರೆಫರಿ ಕೆನ್ ಆಸ್ಟನ್ ಟ್ರಾಫಿಕ್ ದೀಪ ನೋಡಿ ಹೊಳೆಯಿಸಿಕೊಂಡ ಉಪಾಯ ಅದು. ಇಂದು ಒಟ್ಟು 17 ನಿಯಮಗಳಿವೆ. ದೋಷ ಕಂಡಾಗ ತಿದ್ದುವುದು, ತಿದ್ದಿದ್ದನ್ನು ಎಲ್ಲರಿಗೂ ತಿಳಿಸುವುದು ನಮ್ಮ ಸಾಫ್ಟ್‌ವೇರ್ ಕೆಲಸದಲ್ಲೂ ದಿನನಿತ್ಯ ನಡೆಯುತ್ತದೆ. ತಿಳಿಸುವವರಿಲ್ಲದಿದ್ದರೆ ನಿಯಮವಿದ್ದೂ ಇಲ್ಲದಂತೆ.

ಬರಿಗಾಲಿನ ದಿನಗಳು

ನಮ್ಮ ನಾಡಿಗೂ ಈ ಆಟಕ್ಕೂ ಹಳೆಯ ನಂಟಿದೆ. ಮುಂಬಯಿಯ ರೋವರ್ಸ್ ಕಪ್ಪನ್ನು ಬ್ರಿಟಿಷ್ ಸೈನ್ಯದ ತಂಡಗಳೇ ಗೆಲ್ಲುತ್ತಿದ್ದ ಕಾಲದಲ್ಲಿ, 1937ರಲ್ಲಿ ಬೆಂಗಳೂರು ಮುಸ್ಲಿಮ್ಸ್ ತಂಡ ಅದನ್ನು ಗೆದ್ದು ತಂದಿತು. 1948ರ ಜುಲೈ 31ರಂದು ಲಂಡನ್ ಒಲಿಂಪಿಕ್ಸ್‌ನಲ್ಲಿ ಭಾರತ ಫ್ರಾನ್ಸ್ ವಿರುದ್ಧ ಆಡಿತು. ನಮ್ಮವರಲ್ಲಿ ಹೆಚ್ಚಿನವರು ಬರಿಗಾಲಿನಲ್ಲಿದ್ದರು. ಎರಡು ಪೆನಾಲ್ಟಿ ಕಳೆದುಕೊಂಡು 1-2ರಿಂದ ಸೋತೆವು. ಭಾರತದ ಆ ಒಂದು ಗೋಲು ಹೊಡೆದವರು ಮೈಸೂರು ರಾಜ್ಯದ ಪರ ಆಡುತ್ತಿದ್ದ ಎಸ್. ರಾಮನ್. ಆ ದಿನ ನಮ್ಮ ಇಟಗಿ ಇನ್ನೂ ನಿಜಾಮರ ಆಳ್ವಿಕೆಯಲ್ಲಿತ್ತು; ವಿಮೋಚನೆಗೆ ಇನ್ನೂ ಏಳು ವಾರ ಬಾಕಿ ಇತ್ತು.

1952ರ ಹೆಲ್ಸಿಂಕಿಯಲ್ಲಿ ಯುಗೊಸ್ಲಾವಿಯದ ಕೈಯಲ್ಲಿ 1-10ರ ಸೋಲು. ಆಗಿನ ಒಂದು ಗೋಲು ಬೆಂಗಳೂರಿನಲ್ಲಿ ಹುಟ್ಟಿದ ಅಹ್ಮದ್ ಖಾನ್ ಅವರದು. ಆ ಸೋಲಿನ ಮೇಲೆ ಭಾರತದ ಆಟಗಾರರಿಗೆ ಬೂಟು ಕಡ್ಡಾಯವಾಯಿತು. ಸೋಲಿನಿಂದ ಕಲಿಯುವುದೆಂದರೆ ಅದು.

ನಮ್ಮ ಹಳೆಯ ಸಂಸ್ಥಾನದ ಮಾಸ್ತರರು

ಆ ಕಲಿಕೆಯ ಹಿಂದೆ ಇದ್ದವರು ಸೈಯದ್ ಅಬ್ದುಲ್ ರಹೀಮ್. 1909ರಲ್ಲಿ ಹೈದರಾಬಾದಿನಲ್ಲಿ ಹುಟ್ಟಿದ ಇವರು ವೃತ್ತಿಯಿಂದ ಶಾಲಾ ಶಿಕ್ಷಕರು. ಮುಂದೆ ದೈಹಿಕ ಶಿಕ್ಷಣದಲ್ಲಿ ಡಿಪ್ಲೊಮಾ ಪಡೆದು ಶಾಲೆಗಳಲ್ಲಿ ಆಟ ಕಲಿಸಿದರು. ಅವರು ಪಳಗಿಸಿದ ಹೈದರಾಬಾದ್ ಸಿಟಿ ಪೊಲೀಸ್ ತಂಡ 1950ರಿಂದ 1954ರವರೆಗೆ ಸತತ ಐದು ಸಲ ರೋವರ್ಸ್ ಕಪ್ ಗೆದ್ದಿತು. ಭಾರತ ತಂಡದ ತರಬೇತಿಯೂ ಅವರ ಕೈಗೆ ಬಂತು.

1956ರ ನವೆಂಬರ್ 1ರಂದು ರಾಯಚೂರು ಜಿಲ್ಲೆಯ ಜೊತೆ ನಮ್ಮ ಊರು ಹೈದರಾಬಾದ್ ರಾಜ್ಯದಿಂದ ಮೈಸೂರು ರಾಜ್ಯಕ್ಕೆ ಸೇರಿತು. ಸರಿಯಾಗಿ ಒಂದು ತಿಂಗಳ ಮೇಲೆ, ಡಿಸೆಂಬರ್ 1ರಂದು, ಮೆಲ್ಬರ್ನ್ ಒಲಿಂಪಿಕ್ಸ್‌ನಲ್ಲಿ ರಹೀಮ್ ಅವರ ತಂಡ ಆಸ್ಟ್ರೇಲಿಯವನ್ನು 4-2ರಿಂದ ಸೋಲಿಸಿ ಸೆಮಿಫೈನಲ್ ತಲುಪಿತು. ಹೈದರಾಬಾದಿನ ಹಲವು ಆಟಗಾರರ ಜೊತೆ ನಮ್ಮ ರಾಜ್ಯದ ಎಂ. ಕೆಂಪಯ್ಯ ಕೂಡ ಆ ತಂಡದಲ್ಲಿದ್ದರು. ಭಾರತಕ್ಕೆ ನಾಲ್ಕನೆಯ ಸ್ಥಾನ ಬಂತು. ಇಟಗಿ ಬಿಟ್ಟುಬಂದ ರಾಜ್ಯ, ಸೇರಿದ ರಾಜ್ಯ, ಎರಡೂ ಒಂದೇ ತಂಡದಲ್ಲಿ ಆಡುತ್ತಿದ್ದವು! 1962ರ ಜಕಾರ್ತ ಏಷ್ಯನ್ ಕ್ರೀಡಾಕೂಟದಲ್ಲಿ ದಕ್ಷಿಣ ಕೊರಿಯವನ್ನು 2-1ರಿಂದ ಮಣಿಸಿ ಚಿನ್ನ ತಂದದ್ದೂ ರಹೀಮ್ ಅವರ ತಂಡವೇ. ಆಗಲೇ ಅವರನ್ನು ಕ್ಯಾನ್ಸರ್ ಹಿಂಡುತ್ತಿತ್ತು. 1963ರ ಜೂನ್‌ನಲ್ಲಿ ತೀರಿಕೊಂಡರು.

ಅವರು ಕಲಿಸಿದ ರೀತಿ ನಮ್ಮಂಥ ಶಾಲೆಗಳಿಗೆ ಹೇಳಿ ಮಾಡಿಸಿದ್ದು. ಹುಡುಗರಿಗೆ ಅವರು ದುರ್ಬಲ ಕಾಲಿನ ಪಂದ್ಯ ಏರ್ಪಡಿಸುತ್ತಿದ್ದರು. ಬಲಗಾಲಿನವನು ಎಡಗಾಲಿನಲ್ಲೇ ಒದೆಯಬೇಕು. ಚೆಂಡನ್ನು ಒಬ್ಬನೇ ಉರುಳಿಸಿಕೊಂಡು ಹೋಗಬಾರದು, ಬಂದ ಕೂಡಲೇ ಇನ್ನೊಬ್ಬನಿಗೆ ದಾಟಿಸಬೇಕು ಎಂಬ ಪಂದ್ಯಗಳನ್ನೂ ಆಡಿಸುತ್ತಿದ್ದರು. ಇದಕ್ಕೆ ದುಡ್ಡು ಬೇಡ, ಹುಲ್ಲಿನ ಮೈದಾನ ಬೇಡ. ಬೇಕಾದದ್ದು ಒಂದು ಚೆಂಡು, ಒಬ್ಬ ಮಾಸ್ತರ.

ಮೊದಲ ಪಾಠಗಳೂ ಸರಳ. ಚೆಂಡು ದಾಟಿಸುವಾಗ ಊರಿದ ಕಾಲು ಚೆಂಡಿನ ಪಕ್ಕದಲ್ಲಿರಲಿ, ಪಾದದ ಒಳಬದಿಯಿಂದ ತಳ್ಳಿ. ಬೆರಳ ತುದಿಯಿಂದ ಒದ್ದರೆ ಚೆಂಡು ಹೇಳಿದ ಕಡೆ ಹೋಗದು. ಬರುವ ಚೆಂಡನ್ನು ಹಿಡಿಯುವಾಗ ಪಾದವನ್ನು ಸ್ವಲ್ಪ ಹಿಂದೆ ಎಳೆಯಿರಿ, ಅದು ಸಿಡಿಯದೆ ಕಾಲ ಬಳಿ ನಿಲ್ಲುತ್ತದೆ. ಗೆರೆಯಾಚೆಯಿಂದ ಎಸೆಯುವಾಗ ಎರಡೂ ಕೈಯಲ್ಲಿ, ತಲೆಯ ಹಿಂದಿನಿಂದ ತಲೆಯ ಮೇಲೆ ತಂದು ಎಸೆಯಬೇಕು. ಆಗ ಎರಡೂ ಪಾದ ನೆಲದ ಮೇಲಿರಬೇಕು. ನಾನು ಮೂರು ಸಲ ತಪ್ಪಿದ್ದು ಇಲ್ಲೇ.

ಒಂದು ತಪ್ಪೊಪ್ಪಿಗೆ

ನಮ್ಮ ತರಗತಿಯಲ್ಲಿ ಒಬ್ಬ ಹುಡುಗಿಯಿದ್ದಳು. ಚೆಂಡು ಹೊರಗೆ ಹೋದಾಗ ಅವಳು ಒಂದೇ ಒದೆಗೆ ಮೈದಾನದ ನಡುವಿಗೆ ತಲುಪಿಸುತ್ತಿದ್ದಳು. ನಮ್ಮಲ್ಲಿ ಯಾರಿಗೂ ಆ ಕಾಲು ಇರಲಿಲ್ಲ. ಆದರೂ ನಾವು ಒಂದು ದಿನವೂ ಆಡಲು ಕರೆಯಲಿಲ್ಲ. ಯಾವ ಹಿರಿಯರೂ ನಮ್ಮನ್ನು ತಡೆದಿರಲಿಲ್ಲ, ನಾವೇ ಕರೆಯಲಿಲ್ಲ. ಇಂಗ್ಲೆಂಡಿನ ಅಸೋಸಿಯೇಷನ್ ಕೂಡ 1921ರಲ್ಲಿ ತನ್ನ ಕ್ಲಬ್ಬುಗಳ ಮೈದಾನಗಳಲ್ಲಿ ಹೆಂಗಸರು ಆಡದಂತೆ ಮಾಡಿ, ಸುಮಾರು ಐವತ್ತು ವರ್ಷ ಆ ತಡೆಯನ್ನು ಹಾಗೇ ಇಟ್ಟಿತ್ತು. ಐವತ್ತು ವರ್ಷ ಎಂದರೆ ನಮ್ಮ ಶಾಲೆಯ ಈಗಿನ ವಯಸ್ಸು. ಅಷ್ಟು ವರ್ಷಗಳಲ್ಲಿ ಎಷ್ಟು ಒಳ್ಳೆಯ ಕಾಲುಗಳು ಗೆರೆಯಾಚೆ ನಿಂತು ನೋಡಿರಬೇಕು!

ಉತ್ತರ

2023ರ ಮಾರ್ಚ್‌ನಲ್ಲಿ ಕರ್ನಾಟಕ ತಂಡ 54 ವರ್ಷಗಳ ಮೇಲೆ ಸಂತೋಷ್ ಟ್ರೋಫಿ ಗೆದ್ದಿತು. ಅಂಥ ತಂಡಕ್ಕೆ ನಮ್ಮ ಎರೆ ನೆಲದಿಂದಲೂ ಒಬ್ಬರು ಹೋಗಲಿ ಎಂಬ ಆಸೆ ನನ್ನದು. ಹೋಗದಿದ್ದರೂ, ಪಂದ್ಯಕ್ಕೆ ಹೋದ ನಮ್ಮ ಮಕ್ಕಳು ನಿಯಮ ತಿಳಿಯದೆ ತಲೆತಗ್ಗಿಸಿ, ಯಾರನ್ನೋ ಬೈಯುತ್ತ ಬರಬಾರದು. ನಮ್ಮ ಬ್ಯಾಚಿನ ಕೆಲವರು ಮಾತಾಡಿಕೊಂಡಿದ್ದೇವೆ. ಶಾಲೆ ಒಪ್ಪಿದರೆ ವರ್ಷಕ್ಕೊಮ್ಮೆ ಬಂದು ಸುಣ್ಣದ ಗೆರೆ ಎಳೆದು, ಎರಡು ಜೊತೆ ಗೋಲ್ ಕಂಬ ನಿಲ್ಲಿಸಿ, ಕನ್ನಡದಲ್ಲಿ ಬರೆದ 17 ನಿಯಮಗಳನ್ನು ಗೋಡೆಗೆ ಹಾಕುತ್ತೇವೆ. ಮೊದಲ ಪಂದ್ಯ ದುರ್ಬಲ ಕಾಲಿನದು. ಎರಡೂ ಕಡೆ ಹುಡುಗರೂ ಹುಡುಗಿಯರೂ ಇರುತ್ತಾರೆ.

ನಮ್ಮ ದೈಹಿಕ ಶಿಕ್ಷಕರು ಈಗ ನಿವೃತ್ತರು. ಕಲಿತು ಬಂದು ತಮಗೂ ಹೇಳು ಎಂದಿದ್ದರು. ಸರ್, ಇಪ್ಪತ್ತು ವರ್ಷ ತಡವಾಯಿತು. ಕಲಿತದ್ದು ಇಷ್ಟು. ಅಂದು ಮೋಸ ಆಗಿರಲಿಲ್ಲರಿ.