ಗಡಗಡೆಯ ತೋಡು

ಈ ಸಂಜೆ ನಾನು ಹೇಳಹೊರಟಿರುವುದು ಒಂದು ಅಂಗುಲದಷ್ಟು ಆಳವೂ ಇಲ್ಲದ ವಸ್ತುವಿನ ಚರಿತ್ರೆ. ಅದು ನನ್ನ ಗಮನಕ್ಕೆ ಬಂದದ್ದು ಪುಸ್ತಕದಿಂದಲ್ಲ, ಒಂದು ಅಪಘಾತದಿಂದ.

ಆಲೂರು ಸೀಮೆಯ ಕುಂದೂರಿನಲ್ಲಿ ನಮ್ಮ ಬಂಧುಗಳ ಮನೆಯೊಂದುಂಟು. ಹಿತ್ತಲಿನ ಬಾವಿಯ ಮೇಲೆ ಎರಡು ಕಲ್ಲುಕಂಬ, ಅಡ್ಡಲಾಗಿ ಒಂದು ತೊಲೆ, ಅದಕ್ಕೆ ತೂಗುಬಿಟ್ಟ ಮರದ ಗಡಗಡೆ. ಕೆಲವು ವರ್ಷಗಳ ಕೆಳಗೆ, ಬೇಸಗೆಯಲ್ಲಿ, ನನ್ನ ಸೋದರತ್ತೆಯವರು ನೀರು ಸೇದುತ್ತಿದ್ದಂತೆಯೇ ಹಗ್ಗವು ಗಾಲಿಯ ಅಂಚನ್ನು ಹತ್ತಿ, ಪಕ್ಕದ ಸಂದಿಯಲ್ಲಿ ಸಿಕ್ಕಿ, ಕಡಿದುಹೋಯಿತು. ತುಂಬಿದ ಕೊಡ ಬಾವಿಯ ಪಾಲಾಯಿತು. ಅತ್ತೆಯವರು ಹಿಂದಕ್ಕೆ ಬಿದ್ದು ಮುಂಗೈ ಮುರಿದುಕೊಂಡರು. ಮರುದಿನ ಗಡಗಡೆಯನ್ನು ಇಳಿಸಿ ನೋಡಿದೆ. ಗಾಲಿಯ ಸುತ್ತಲೂ ಇರಬೇಕಾದ ತೋಡು ಒಂದು ಕಡೆ ಸವೆದು, ಬರಿಯ ಇಳಿಜಾರಾಗಿ ಉಳಿದಿತ್ತು.

ಇಪ್ಪತ್ತು ವರ್ಷಗಳಿಂದ ಕಾಲೇಜಿನಲ್ಲಿ ಗಡಗಡೆಯ ಸೂತ್ರವನ್ನು ಬೋಧಿಸುತ್ತ ಬಂದವನು ನಾನು. ಕರಿಹಲಗೆಯ ಮೇಲೆ ಒಂದು ವೃತ್ತ, ಅದರ ಎರಡು ಪಕ್ಕಗಳಲ್ಲಿ ಇಳಿಬಿದ್ದ ಎರಡು ರೇಖೆಗಳು: ಇಷ್ಟೇ ನನ್ನ ಗಡಗಡೆ. ಆ ವೃತ್ತಕ್ಕೆ ತೋಡೆಂಬುದೇ ಇರಲಿಲ್ಲ.

ಗಡಗಡೆಯಿಲ್ಲದ ಹಳೆಯ ಬಾವಿಗಳ ಕಟ್ಟೆಯನ್ನು ನೋಡಿದವರು ಬಲ್ಲರು, ಹಗ್ಗವು ಉಜ್ಜಿ ಉಜ್ಜಿ ಕಲ್ಲಿನಲ್ಲಿಯೇ ಬೆರಳು ಹಿಡಿಸುವಷ್ಟು ಆಳವಾದ ಗೆರೆಗಳು ಬಿದ್ದಿರುತ್ತವೆ. ಹಗ್ಗವು ತನಗೆ ಬೇಕಾದ ದಾರಿಯನ್ನು ತಾನೇ ಕೊರೆದುಕೊಳ್ಳುತ್ತದೆ. ಆದರೆ ಅದಕ್ಕಾಗಿ ತಾನೂ ಸವೆಯುತ್ತದೆ. ಗಡಗಡೆಯನ್ನು ಮಾಡಿದವನು ಆ ದಾರಿಯನ್ನು ಮೊದಲೇ ಕೊರೆದುಕೊಟ್ಟು, ಹಗ್ಗದೊಡನೆ ತಿರುಗುವಂತೆಯೂ ಮಾಡಿದನು. ಉಜ್ಜಾಟವು ಹಗ್ಗವನ್ನು ಬಿಟ್ಟು ನಡುವಿನ ಅಚ್ಚಿಗೆ ಹೋಯಿತು. ಅಲ್ಲಿ ಒಂದು ತೊಟ್ಟು ಎಣ್ಣೆ ಹಾಕಬಹುದು.

ಬಾವಿಯ ಗಡಗಡೆಯು ಭಾರವನ್ನು ಕಡಮೆಮಾಡುವುದೆಂಬ ನಂಬಿಕೆ ವಿದ್ಯಾವಂತರಲ್ಲಿಯೂ ಉಂಟು. ಅದು ನಿಜವಲ್ಲ. ಕೊಡವು ಹದಿನೈದು ಕಿಲೋ ತೂಗಿದರೆ ಹದಿನೈದು ಕಿಲೋವಿನಷ್ಟೇ ಎಳೆಯಬೇಕು. ಅಚ್ಚಿನ ಘರ್ಷಣೆಗಾಗಿ ಇನ್ನಷ್ಟು. ಬದಲಾಗುವುದು ದಿಕ್ಕು ಮಾತ್ರ. ಮೇಲಕ್ಕೆ ಎತ್ತಬೇಕಾದುದನ್ನು ಕೆಳಕ್ಕೆ ಎಳೆಯುತ್ತೇವೆ, ಎಳೆಯುವಾಗ ನಮ್ಮ ಮೈಭಾರವೂ ಕೆಲಸಕ್ಕೆ ಬರುತ್ತದೆ.

ಇದೇ ಯುಕ್ತಿಯನ್ನು ಎತ್ತುಗಳಿಂದ ಮಾಡಿಸಿದುದು ಕಪಿಲೆ. ಕುಂದೂರಿನ ಕಡೆ ನೀರು ಮೇಲಿರುವುದರಿಂದ ಅದರ ಅಗತ್ಯವಿರಲಿಲ್ಲ. ಪೂರ್ವದ ಬಯಲುಸೀಮೆಯಲ್ಲಿ ಪಂಪು ಬರುವವರೆಗೆ ತೋಟಗಳು ಬದುಕಿದ್ದು ಅದರಿಂದಲೇ. 1800-01ರಲ್ಲಿ ಮೈಸೂರು ಸೀಮೆಯನ್ನು ಸಂಚರಿಸಿದ ಫ್ರಾನ್ಸಿಸ್ ಬುಕಾನನ್ನನು ಏತವನ್ನೂ ಕಪಿಲೆಯನ್ನೂ ತನ್ನ ಗ್ರಂಥದಲ್ಲಿ ಬರೆದಿಟ್ಟಿದ್ದಾನೆ. ಬಾವಿಯ ಮೇಲೆ ಎತ್ತರದಲ್ಲಿ ಒಂದು ದೊಡ್ಡ ಗಾಲಿ. ದಡದ ಅಂಚಿನಲ್ಲಿ ತಗ್ಗಾಗಿ ಒಂದು ಉರುಳೆ. ತೊಗಲಿನ ಚೀಲಕ್ಕೆ ಕಟ್ಟಿದ ದಪ್ಪಹಗ್ಗ ಗಾಲಿಯ ಮೇಲೆ, ಅದರ ಬಾಲದಂಥ ಕೊಳವೆಗೆ ಕಟ್ಟಿದ ಸಣ್ಣಹಗ್ಗ ಉರುಳೆಯ ಮೇಲೆ. ಎತ್ತುಗಳು ಇಳಿಜಾರಿನಲ್ಲಿ ಇಳಿದಂತೆ ಚೀಲವೂ ಮಡಿಸಿದ ಬಾಲವೂ ಜೊತೆಯಾಗಿ ಏರುತ್ತವೆ. ದಡವನ್ನು ಮುಟ್ಟಿದೊಡನೆ ಬಾಲವು ಉರುಳೆಯ ಮೇಲೆ ಹೊರಕ್ಕೆ ಚಾಚಿಕೊಳ್ಳುತ್ತದೆ. ಚೀಲವು ಇನ್ನೂ ಮೇಲಕ್ಕೇರುತ್ತದೆ. ನೀರು ತಾನಾಗಿ ಕಾಲುವೆಗೆ ಸುರಿಯುತ್ತದೆ. ಯಾರೂ ಬಗ್ಗಿ ಚೀಲವನ್ನು ಬೋರಲುಹಾಕಬೇಕಾಗಿಲ್ಲ. ಈ ಗಾಲಿಯ ತೋಡು ಆಳವಾಗಿರಲೇಬೇಕು. ಎತ್ತು ಎಂದಾದರೂ ನೇರವಾದ ಗೆರೆಯಲ್ಲಿ ನಡೆದುದುಂಟೆ?

ಭಾರವನ್ನು ನಿಜವಾಗಿ ಹಗುರಮಾಡುವುದು ಭಾರದೊಡನೆ ತಾನೂ ಏರುವ ಗಡಗಡೆ. ಹಗ್ಗದ ಒಂದು ತುದಿಯನ್ನು ಮೇಲಿನ ತೊಲೆಗೆ ಕಟ್ಟಿ, ಕೆಳಗಿನ ಗಾಲಿಯನ್ನು ಬಳಸಿ, ಮತ್ತೆ ಮೇಲಿನ ಗಾಲಿಯ ಮೂಲಕ ತಂದರೆ, ನೂರು ಕಿಲೋ ಭಾರವನ್ನು ಎರಡು ಎಳೆಗಳು ಹಂಚಿಕೊಳ್ಳುತ್ತವೆ. ಕೈಗೆ ಬರುವುದು ಐವತ್ತು. ಆದರೆ ಒಂದು ಮೀಟರು ಎತ್ತಲು ಎರಡು ಮೀಟರು ಎಳೆಯಬೇಕು. ಪ್ರಕೃತಿಯು ಸಾಲ ಕೊಡುವುದಿಲ್ಲ. ಕ್ರಿಸ್ತಪೂರ್ವ ಮೂರನೆಯ ಶತಮಾನದ ಆರ್ಕಿಮಿಡೀಸನು ಇಂತಹ ಗಡಗಡೆಗಳಿಂದ ತುಂಬಿದ ಹಡಗೊಂದನ್ನು ತಾನೊಬ್ಬನೇ ಕುಳಿತು ಎಳೆದನೆಂದು ಪ್ಲುಟಾರ್ಕನು ಹೇಳುತ್ತಾನೆ. ಕಥೆಯಲ್ಲಿ ಉತ್ಪ್ರೇಕ್ಷೆಯಿದ್ದರೂ ಇರಲಿ. ರೋಮಿನ ವಿಟ್ರೂವಿಯಸನು ಮೂರು ಗಾಲಿಯದು, ಐದು ಗಾಲಿಯದು ಎಂದು ಎತ್ತುವ ಯಂತ್ರಗಳನ್ನು ಹೆಸರಿಸಿ ವಿವರಿಸಿರುವುದು ಮಾತ್ರ ಕಥೆಯಲ್ಲ. ಗಾಲಿಗಳನ್ನು ಮನಬಂದಷ್ಟು ಹೆಚ್ಚಿಸಲೂ ಆಗದು. ಪ್ರತಿಯೊಂದು ಗಾಲಿಯೂ ಘರ್ಷಣೆಯ ರೂಪದಲ್ಲಿ ತನ್ನ ಸುಂಕವನ್ನು ವಸೂಲುಮಾಡುತ್ತದೆ.

ಹಾಯಿಹಡಗುಗಳ ಕಾಲದಲ್ಲಿ ಗಡಗಡೆಯು ರಾಜ್ಯಗಳ ಚಿಂತೆಯಾಯಿತು. ಎಪ್ಪತ್ತನಾಲ್ಕು ಫಿರಂಗಿಗಳ ಒಂದು ಯುದ್ಧನೌಕೆಗೆ ಸುಮಾರು ಸಾವಿರ ಗಡಗಡೆಗಳು ಬೇಕು. ಇಂಗ್ಲೆಂಡಿನ ಪೋರ್ಟ್ಸ್‌ಮತ್ತಿನಲ್ಲಿ ಮಾರ್ಕ್ ಬ್ರೂನೆಲ್ಲನು ಯೋಚಿಸಿ ಹೆನ್ರಿ ಮಾಡ್ಸ್ಲೆಯು ನಿರ್ಮಿಸಿದ 45 ಯಂತ್ರಗಳು, ನೂರಹತ್ತು ಕುಶಲಿಗಳ ಕೆಲಸವನ್ನು ಹತ್ತು ಜನರಿಂದ ಮಾಡಿಸಿ, 1808ರ ವೇಳೆಗೆ ವರ್ಷಕ್ಕೆ 1,30,000 ಗಡಗಡೆಗಳನ್ನು ತಯಾರಿಸುತ್ತಿದ್ದುವು. ಒಂದರಂತೆಯೇ ಇನ್ನೊಂದು, ತೋಡಿನಲ್ಲಿ ಎಳ್ಳಷ್ಟೂ ವ್ಯತ್ಯಾಸವಿಲ್ಲದೆ! ಉಳಿದ ನೂರು ಜನ ಏನಾದರೆಂದು ಕೇಳುವ ಅಭ್ಯಾಸ ಆ ಕಾಲಕ್ಕೆ ಇರಲಿಲ್ಲ.

1834ರಲ್ಲಿ ಜರ್ಮನಿಯ ಹಾರ್ಜ್ ಗಣಿಗಳಲ್ಲಿ ವಿಲ್ಹೆಲ್ಮ್ ಆಲ್ಬರ್ಟನು ಕಬ್ಬಿಣದ ತಂತಿಗಳನ್ನು ಹೊಸೆದು ಹಗ್ಗ ಮಾಡಿದನು. ಅಂದಿನಿಂದ ತೋಡಿನ ವಿಷಯವು ಲೆಕ್ಕಾಚಾರಕ್ಕೆ ಬಂದಿತು. ನಾರಿನ ಹಗ್ಗ ಹೇಗೆ ಬೇಕಾದರೂ ಬಗ್ಗುತ್ತದೆ. ತಂತಿಯ ಹಗ್ಗ ಹಾಗಲ್ಲ. ತೋಡು ಇಕ್ಕಟ್ಟಾದರೆ ಹಗ್ಗವನ್ನು ಹಿಸುಕುತ್ತದೆ, ಅಗಲವಾದರೆ ಹಗ್ಗವು ಚಪ್ಪಟೆಯಾಗುತ್ತದೆ. ಹಗ್ಗದ ದುಂಡಿಗಿಂತ ಕೂದಲೆಳೆಯಷ್ಟು ದೊಡ್ಡದಾಗಿ, ಅದರ ಸುತ್ತಳತೆಯ ಮೂರನೆಯ ಒಂದು ಪಾಲನ್ನು ಹಿಡಿದು ಕೂರಿಸುವಂತಿರಬೇಕು. ಗಾಲಿ ಸಣ್ಣದಾದರೆ ಪ್ರತಿಯೊಂದು ಬಾಗಿಗೂ ತಂತಿಗಳು ದಣಿದು, ಒಳಗೊಳಗೇ ಒಂದೊಂದಾಗಿ ಮುರಿಯುತ್ತವೆ. ಆದುದರಿಂದ ಕ್ರೇನಿನ ಗಾಲಿಯ ವ್ಯಾಸ ಸಾಮಾನ್ಯವಾಗಿ ಹಗ್ಗದ ಸುಮಾರು ಇಪ್ಪತ್ತು ಪಟ್ಟು. ಮನುಷ್ಯರನ್ನು ಇಳಿಸುವ ಗಣಿಯ ಗಾಲಿಯದು ನೂರು ಪಟ್ಟಿನವರೆಗೂ ಹೋಗುತ್ತದೆ.

ಅಂತಹ ಗಾಲಿಗಳನ್ನು ನಾವು ಕಂಡದ್ದು ಕೋಲಾರದ ಚಿನ್ನದ ಗಣಿಗಳಲ್ಲಿ. ಜಾನ್ ಟೇಲರ್ ಕಂಪೆನಿಯವರು 1880ರಲ್ಲಿ ಅಲ್ಲಿ ಕೈಹಾಕಿದರು; 1902ರಲ್ಲಿ ಶಿವನಸಮುದ್ರದ ವಿದ್ಯುತ್ತು ಬಂದಿತು; ಗಣಿಯು ಕ್ರಮೇಣ 3 ಕಿಲೋಮೀಟರಿಗಿಂತಲೂ ಆಳಕ್ಕೆ ಇಳಿಯಿತು. ಅಷ್ಟು ಆಳಕ್ಕೆ ಒಂದೇ ಹಗ್ಗವನ್ನು ಬಿಟ್ಟರೆ ಹಗ್ಗದ ತೂಕವೇ ಹಗ್ಗಕ್ಕೆ ಹೊರೆ. ಆದುದರಿಂದ ಕಾರ್ಮಿಕರು ಒಂದು ಬಾವಿಯಲ್ಲಿ ಇಳಿದು, ನೆಲದೊಳಗೇ ಇನ್ನೊಂದಕ್ಕೆ ಬದಲಾಯಿಸಿಕೊಂಡು ಇಳಿಯಬೇಕಾಗಿತ್ತು. ಪಂಜರವನ್ನು ಎಳೆಯುವ ಯಂತ್ರವು ನೆಲದ ಮೇಲೆ, ದೂರದಲ್ಲಿ. ಅದರ ಎಳೆತವನ್ನು ಬಾವಿಯೊಳಕ್ಕೆ ತಿರುಗಿಸುವುದು ಗೋಪುರದ ನೆತ್ತಿಯ ತೋಡುಗಾಲಿ. ಭಾರವನ್ನು ಅದು ಒಂದು ಗುಂಜಿಯಷ್ಟೂ ಕಡಮೆಮಾಡುತ್ತಿರಲಿಲ್ಲ. ಕುಂದೂರಿನ ಗಡಗಡೆಯಂತೆ ದಿಕ್ಕನ್ನು ಮಾತ್ರ ಬದಲಿಸುತ್ತಿತ್ತು. ಆದರೆ ಇಲ್ಲಿ ಹಗ್ಗದ ತುದಿಗೆ ಇದ್ದುದು ಕೊಡವಲ್ಲ, ಒಂದು ಪಾಳಿಯ ಜನ. ಗಣಿಗಳು 2001ರಲ್ಲಿ ಮುಚ್ಚಿದುವು.

ಕುಂದೂರಿನ ಬಾವಿಗೆ ಬಡಗಿಯೊಬ್ಬರು ಹಲಸಿನ ಮರದಲ್ಲಿ ಹೊಸ ಗಾಲಿಯನ್ನು ಕಡೆದುಕೊಟ್ಟರು. ತೋಡು ಎಷ್ಟಿರಬೇಕೆಂದು ಅವರು ಕೇಳಿದಾಗ ನಾನು ಲೆಕ್ಕಹಾಕಲು ಕಾಗದ ಹುಡುಕುತ್ತಿದ್ದೆ. ಕೈಗೆ ಪಟ್ಟಿ ಕಟ್ಟಿಕೊಂಡು ಜಗಲಿಯಲ್ಲಿ ಕುಳಿತಿದ್ದ ಅತ್ತೆಯವರು, "ಹಗ್ಗ ಪೂರ್ತಿ ಮುಳುಗೋ ಹಾಗಿರಲಪ್ಪ" ಎಂದರು. ಹಾಗೆಯೇ ಮಾಡಿಸಿದೆವು.