ತೂಬು ಎತ್ತುವವನಿಗೆ ಏರಿ ಒಡೆಯುವ ಅಧಿಕಾರ ಯಾಕೆ?

ಕೆರೆ ಇರುವ ಊರಿನವರಿಗೆ ನೀರುಗಂಟಿ ಯಾರೆಂದು ಹೇಳಬೇಕಿಲ್ಲ. ತೂಬು ಎತ್ತುವವನೂ ಅವನೇ, ಇಳಿಸುವವನೂ ಅವನೇ. ಯಾವ ಗದ್ದೆಗೆ ಎಷ್ಟು ಹೊತ್ತು ನೀರು ಎಂದು ನೋಡಿ ಕಾಲುವೆ ತಿರುಗಿಸುವ ಕೆಲಸವೂ ಅವನದೇ. ಆದರೆ ಏರಿ ಅಗೆಯುವ ಹಕ್ಕು ಅವನಿಗಿಲ್ಲ. ಕೋಡಿಯ ಎತ್ತರ ಬದಲಿಸುವ ಹಕ್ಕೂ ಇಲ್ಲ. ಅದು ಊರಿನವರು ಕೂತು ಮಾತಾಡುವ ವಿಷಯ. ನೀರುಗಂಟಿಯ ಮೇಲೆ ನಂಬಿಕೆ ಇಲ್ಲ ಎಂದು ಹೀಗೆ ಮಾಡಿದ್ದಲ್ಲ. ನಂಬಿಕೆ ಇದ್ದದ್ದಕ್ಕೇ ತೂಬನ್ನು ಅವನ ಕೈಗೆ ಕೊಟ್ಟದ್ದು. ಕೊಟ್ಟದ್ದು ತೂಬನ್ನು ಮಾತ್ರ.

ಇದೇ ಲೆಕ್ಕವನ್ನು ಕಂಪ್ಯೂಟರ್ ಜನ ಐವತ್ತು ವರ್ಷಗಳಿಂದ ಹಾಕುತ್ತಾ, ಅಳಿಸುತ್ತಾ, ಮತ್ತೆ ಹಾಕುತ್ತಾ ಬಂದಿದ್ದಾರೆ. ಇವತ್ತು ಆ ಕತೆ ಹೇಳೋಣ ಎಂದುಕೊಂಡಿದ್ದೇವೆ. ಹಳ್ಳಿಯಲ್ಲಿ ಕೂತ ನಮಗೆ ಇದೆಲ್ಲ ಯಾಕೆ ಎನ್ನಬೇಡಿ. ನಿಮ್ಮ ಕೈಯಲ್ಲಿರುವ ಆಂಡ್ರಾಯ್ಡ್ ಫೋನಿನ ಒಳತಿರುಳು ಲಿನಕ್ಸ್. ಫೋನಿನಲ್ಲಿ ನೀವು ತೆರೆಯುವ ಪುಟಗಳ ಹಿಂದಿನ ಸರ್ವರ್‌ಗಳಲ್ಲಿ ಹೆಚ್ಚಿನವು ಓಡುವುದೂ ಇಂಥ ಓಪನ್ ಸೋರ್ಸ್ ತಂತ್ರಾಂಶದ ಮೇಲೆಯೇ. ಅದನ್ನು ಕಟ್ಟುವ ಮನೆಯ ಬೀಗದಕೈ ಯಾರ ಹತ್ತಿರ ಇದೆ ಎನ್ನುವುದು ನಮಗೂ ಸೇರಿದ ವಿಷಯ.

ಮೊದಲು 'ಕಟ್ಟುವುದು' ಎಂದರೇನು ಎಂದು ತಿಳಿಯೋಣ. ಓಪನ್ ಸೋರ್ಸ್ ಎಂದರೆ ತಂತ್ರಾಂಶದ ಮೂಲ ಬರಹ, ಅಂದರೆ ಸೋರ್ಸ್ ಕೋಡ್, ಎಲ್ಲರೂ ಓದುವಂತೆ ಬಯಲಲ್ಲೇ ಇರುತ್ತದೆ. ಆದರೆ ಆ ಬರಹ ಹಾಗೆಯೇ ಓಡುವುದಿಲ್ಲ. ರಾಗಿಯನ್ನು ಹಾಗೇ ಮುದ್ದೆ ಮಾಡಲಾಗದ ಹಾಗೆ. ಅದನ್ನು ಒಂದು ಯಂತ್ರಕ್ಕೆ ಹಾಕಿ ಹಿಟ್ಟು ಮಾಡಿಸಬೇಕು. ಅದಕ್ಕೆ ಬಿಲ್ಡ್ ಎನ್ನುತ್ತಾರೆ. ದೊಡ್ಡ ಯೋಜನೆಗಳಲ್ಲಿ ನೂರಾರು ಜನರ ರಾಗಿಗೆ ಒಂದೇ ಗಿರಣಿ. ಬಿಲ್ಡ್ ಸರ್ವರ್ ಎಂದರೆ ಆ ಗಿರಣಿ.

ರಾಗಿಯನ್ನು ಹತ್ತು ಜನ ಕೇರಿ ನೋಡಿರಬಹುದು. ಗಿರಣಿಯೊಳಗೆ ಏನು ಬೆರೆಯಿತು ಎಂದು ಹಿಟ್ಟು ನೋಡಿ ಹೇಳುವುದು ಕಷ್ಟ. ಯುನಿಕ್ಸ್ ಕಟ್ಟಿದವರಲ್ಲಿ ಒಬ್ಬರಾದ ಕೆನ್ ಥಾಂಪ್ಸನ್ 1984ರಲ್ಲಿ ಪ್ರಕಟವಾದ ತಮ್ಮ ಟ್ಯೂರಿಂಗ್ ಪ್ರಶಸ್ತಿ ಉಪನ್ಯಾಸದಲ್ಲಿ ಇದನ್ನೇ ತೋರಿಸಿಕೊಟ್ಟರು. ಕೋಡ್ ಎಷ್ಟೇ ಶುದ್ಧವಾಗಿರಲಿ, ಅದನ್ನು ಬೀಸುವ ಯಂತ್ರವೇ ಕೆಟ್ಟಿದ್ದರೆ ಹೊರಬರುವುದರಲ್ಲಿ ಕಳ್ಳಬಾಗಿಲು ಇರಬಹುದು. ಹಾಗಾಗಿ ಗಿರಣಿಯ ಕೀಲಿ ಯಾರ ಕೈಗೆ ಎನ್ನುವುದು ಸಣ್ಣ ಪ್ರಶ್ನೆಯಲ್ಲ.

ಯುನಿಕ್ಸ್‌ನಲ್ಲಿ ಹಳೆಯ ಪದ್ಧತಿ ಸರಳವಾಗಿತ್ತು. 'ರೂಟ್' ಎಂಬ ಒಬ್ಬ ಯಜಮಾನ, ಅವನಿಗೆ ಎಲ್ಲವೂ ಸಾಧ್ಯ. ಉಳಿದವರೆಲ್ಲ ಸಾಮಾನ್ಯ ಬಳಕೆದಾರರು. ನಡುವೆ ಮೆಟ್ಟಿಲೇ ಇಲ್ಲ. ಪ್ರಿಂಟರ್ ಸಿಕ್ಕಿಕೊಂಡರೂ ರೂಟ್ ಪಾಸ್‌ವರ್ಡ್ ಬೇಕು, ಇಡೀ ಡಿಸ್ಕ್ ಅಳಿಸಲೂ ಅದೇ ಪಾಸ್‌ವರ್ಡ್. ಹೀಗಾದಾಗ ಏನಾಗುತ್ತದೆ ಎಂದು ನಮಗೆಲ್ಲ ಗೊತ್ತು. ಪದೇ ಪದೇ ಕೇಳಿಸಿಕೊಂಡು ಬೇಸತ್ತ ಯಜಮಾನ ಪಾಸ್‌ವರ್ಡನ್ನು ನಾಲ್ಕು ಜನಕ್ಕೆ ಹೇಳಿಬಿಡುತ್ತಾನೆ.

1980ರ ಸುಮಾರಿಗೆ ಅಮೆರಿಕದ ಬಫಲೋದಲ್ಲಿ, ನ್ಯೂಯಾರ್ಕ್ ರಾಜ್ಯ ವಿಶ್ವವಿದ್ಯಾಲಯದ ಕಂಪ್ಯೂಟರ್ ವಿಭಾಗದಲ್ಲಿ, ಬಾಬ್ ಕಾಗ್ಗೆಶಾಲ್ ಮತ್ತು ಕ್ಲಿಫ್ ಸ್ಪೆನ್ಸರ್ ಎಂಬಿಬ್ಬರು ಇದಕ್ಕೊಂದು ಉಪಾಯ ಬರೆದರು. ಹೆಸರು 'ಸುಡೊ'. ಕನ್ನಡದ ಸುಡುವುದಕ್ಕೂ ಇದಕ್ಕೂ ಸಂಬಂಧವಿಲ್ಲ, ಆದರೂ ಕೈ ಸುಡದಂತೆ ಕಾಯುವುದೇ ಇದರ ಕೆಲಸ. ಯಾರು, ಯಾವ ಯಂತ್ರದಲ್ಲಿ, ಯಾವ ಆಜ್ಞೆಯನ್ನು ಯಜಮಾನನ ಪರವಾಗಿ ಓಡಿಸಬಹುದು ಎಂದು ಒಂದು ಪಟ್ಟಿ. ಪಟ್ಟಿಯಲ್ಲಿದ್ದರೆ ಆ ಕೆಲಸ ಆಗುತ್ತದೆ, ಇಲ್ಲದಿದ್ದರೆ ಇಲ್ಲ. ರೂಟ್ ಪಾಸ್‌ವರ್ಡ್ ಯಾರಿಗೂ ಹೇಳಬೇಕಿಲ್ಲ. ಯಾರು ಏನು ಮಾಡಿದರು ಎಂಬುದೂ ದಾಖಲಾಗುತ್ತದೆ.

ನಮಗೆ ಹೆಚ್ಚು ಮುಖ್ಯ ಅನ್ನಿಸುವುದು ಈ ಕೊನೆಯ ಮಾತು. ನಾವು ಈ ಪುಟ ಶುರು ಮಾಡಿದಾಗ ಎಲ್ಲರಿಗೂ ಒಂದೇ ಪಾಸ್‌ವರ್ಡ್ ಇತ್ತು. ಒಂದು ದಿನ ಒಂದು ಬರಹ ಮಾಯವಾಯಿತು. ಯಾರು ಅಳಿಸಿದ್ದು ಎಂದು ಇವತ್ತಿಗೂ ಗೊತ್ತಿಲ್ಲ, ಆದರೆ ವಾರಗಟ್ಟಲೆ ಒಬ್ಬರ ಮುಖ ಒಬ್ಬರು ಅನುಮಾನದಿಂದ ನೋಡಿದೆವು. ಅಧಿಕಾರ ಹಂಚಿ ಕೊಟ್ಟಾಗ ಕಳ್ಳನಿಗೆ ತಡೆಯಾಗುತ್ತದೆ, ಅದು ಸರಿ. ಕಳ್ಳನಲ್ಲದವನ ಮರ್ಯಾದೆಯೂ ಉಳಿಯುತ್ತದೆ.

ಈಗ ಗಿರಣಿಗೆ ಬರೋಣ. ಅಪಾಚೆ ಸಾಫ್ಟ್‌ವೇರ್ ಫೌಂಡೇಶನ್ 1999ರಲ್ಲಿ ಹುಟ್ಟಿದ ಸಂಸ್ಥೆ. ಒಂದು ವೆಬ್ ಸರ್ವರ್ ತಂತ್ರಾಂಶದಿಂದ ಶುರುವಾಗಿ ಬರಬರುತ್ತಾ ನೂರಾರು ಯೋಜನೆಗಳ ಮನೆಯಾಯಿತು. ಎಲ್ಲರಿಗೂ ಸೇರಿ ಕೆಲವೇ ಸರ್ವರ್‌ಗಳು, ಅವನ್ನು ನೋಡಿಕೊಳ್ಳಲು ಒಂದು ಚಿಕ್ಕ ತಂಡ. ಬಿಲ್ಡ್ ಕೆಲಸಕ್ಕೆ ಹಡ್ಸನ್ ಎಂಬ ತಂತ್ರಾಂಶ ಬಂತು. ಸನ್ ಕಂಪನಿಯಲ್ಲಿದ್ದಾಗ ಕೊಹ್ಸುಕೆ ಕವಾಗುಚಿ ಬರೆಯಲು ತೊಡಗಿದ್ದು. ಸನ್ ಕಂಪನಿಯನ್ನು ಒರಾಕಲ್ ಕೊಂಡ ಮೇಲೆ ಹೆಸರಿನ ಜಗಳವಾಗಿ 2011ರಲ್ಲಿ ಅದು ಜೆಂಕಿನ್ಸ್ ಆಯಿತು.

ಪ್ರತಿ ಯೋಜನೆಯವರೂ 'ನಮ್ಮ ಬಿಲ್ಡ್ ರಾತ್ರಿ ಓಡಲಿ', 'ಈ ಕೆಲಸ ತೆಗೆದು ಅದನ್ನು ಹಾಕಿ' ಎಂದು ಕೇಳತೊಡಗಿದರೆ ಆ ಚಿಕ್ಕ ತಂಡಕ್ಕೆ ಊಟಕ್ಕೂ ಹೊತ್ತಿರದು. ಎಲ್ಲರಿಗೂ ಅಡ್ಮಿನ್ ಕೊಟ್ಟರೆ ಗಿರಣಿಯೇ ಹೋದೀತು. ಅಪಾಚೆಯವರು ನಡುದಾರಿ ಹಿಡಿದರು. ಬಿಲ್ಡ್ ಕೆಲಸಗಳನ್ನು ಸೇರಿಸುವ, ತಿದ್ದುವ ಹಕ್ಕನ್ನು ಬೇರೆ ಮಾಡಿ ಅದಕ್ಕೊಂದು ಗುಂಪು ಕಟ್ಟಿದರು. ಸರ್ವರ್‌ನ ಯಜಮಾನಿಕೆ ಆ ಗುಂಪಿಗಿಲ್ಲ. ಇನ್ನೂ ಒಳ್ಳೆಯದೆಂದರೆ, ತಮ್ಮವರಲ್ಲಿ ಯಾರನ್ನು ಆ ಗುಂಪಿಗೆ ಸೇರಿಸಬೇಕು ಎಂದು ನಿರ್ಧರಿಸಿ ಸೇರಿಸುವ ಕೆಲಸವನ್ನು ಆಯಾ ಯೋಜನೆಯ ಮುಖ್ಯಸ್ಥರಿಗೇ ಬಿಟ್ಟರು. ಯಾರು ಕೆಲಸದವರು, ಯಾರು ಬರೀ ಮಾತಿನವರು ಎಂದು ಅವರಿಗೆ ಗೊತ್ತು. ನೀರುಗಂಟಿಯನ್ನು ಊರೇ ಆರಿಸಿಕೊಂಡ ಹಾಗೆ. ತಾಲ್ಲೂಕು ಕಚೇರಿಗೆ ಅಲೆಯಬೇಕಿಲ್ಲ.

ಆದರೆ ಇಲ್ಲೊಂದು ಸೂಕ್ಷ್ಮವಿದೆ. ಬಿಲ್ಡ್ ಕೆಲಸ ಎಂದರೆ ಯಂತ್ರಕ್ಕೆ ಕೊಡುವ ಆಜ್ಞೆಗಳ ಸಾಲು. ಅದನ್ನು ಬರೆಯುವ ಹಕ್ಕಿರುವವರು ಆ ಯಂತ್ರದಲ್ಲಿ ಹೆಚ್ಚುಕಡಿಮೆ ಯಾವ ಆಜ್ಞೆಯನ್ನಾದರೂ ಓಡಿಸಬಹುದು. ಕಾಗದದ ಮೇಲೆ ಚಿಕ್ಕದಾಗಿ ಕಾಣುವ ಅಧಿಕಾರ ನಿಜಕ್ಕೂ ಅಷ್ಟು ಚಿಕ್ಕದಲ್ಲ. ಅದಕ್ಕೇ ಜೆಂಕಿನ್ಸ್‌ನವರು ಮುಖ್ಯ ಯಂತ್ರದ ಮೇಲೆ ಬಿಲ್ಡ್ ಓಡಿಸಬೇಡಿ, ಅದಕ್ಕೆ ಬೇರೆ ಯಂತ್ರ ಇಡಿ ಎನ್ನುತ್ತಾರೆ. ತೂಬಿನ ಹಕ್ಕು ಕೊಟ್ಟರೆ ಸಾಲದು, ತೂಬಿನ ಪಕ್ಕದಲ್ಲೇ ಏರಿ ಸಡಿಲವಾಗಿದೆಯೇ ಎಂದೂ ನೋಡಬೇಕು.

ಅಪಾಚೆಯವರಿಗೆ ಇದರ ಪರೀಕ್ಷೆ ಎರಡು ಸಲ ಆಯಿತು. 2009ರ ಆಗಸ್ಟ್‌ನಲ್ಲಿ, ಬ್ಯಾಕಪ್‌ಗೆಂದು ಮಾಡಿದ್ದ ಒಂದು ಕೀಲಿಯನ್ನು ದಾಳಿಕೋರರು ಬೇರೊಂದು ಸರ್ವರ್‌ನಿಂದ ಕದ್ದು, ಅದರಿಂದ ಅಪಾಚೆಯ ಮುಖ್ಯ ಯಂತ್ರವೊಂದಕ್ಕೆ ನುಗ್ಗಿದರು. ಬ್ಯಾಕಪ್ ಬಿಟ್ಟು ಬೇರೇನೂ ಮಾಡದಂತೆ ಆ ಕೀಲಿಯನ್ನು ಕಟ್ಟಿಹಾಕಬಹುದಿತ್ತು. ಕಟ್ಟಿರಲಿಲ್ಲ.

ಎರಡನೆಯದು 2010ರ ಏಪ್ರಿಲ್. ಇದನ್ನು ಸ್ವಲ್ಪ ನಿಧಾನವಾಗಿ ಹೇಳುತ್ತೇವೆ, ಯಾಕೆಂದರೆ ಅಪಾಚೆಯವರೇ ಒಂದನ್ನೂ ಮುಚ್ಚಿಡದೆ ಬರೆದಿಟ್ಟಿದ್ದಾರೆ. ಅಂಥ ಪ್ರಾಮಾಣಿಕ ವರದಿ ನಾವು ಹೆಚ್ಚು ನೋಡಿಲ್ಲ.

ಏಪ್ರಿಲ್ 5ರಂದು ಅವರ ದೂರು ದಾಖಲಿಸುವ ಜಿರಾ ವ್ಯವಸ್ಥೆಗೆ ಒಂದು ದೂರು ಬಂತು. ಪುಟ ನೋಡುವಾಗ ತೊಂದರೆ ಬರುತ್ತಿದೆ ಎಂದು ಬರೆದು ಜೊತೆಗೊಂದು ಚುಟುಕು ಲಿಂಕ್ ಇಟ್ಟಿದ್ದರು. ಅಡ್ಮಿನ್‌ಗಳಲ್ಲಿ ಕೆಲವರು ಒತ್ತಿದರು. ನಮ್ಮ ವಾಟ್ಸಾಪ್‌ಗೆ ದಿನಾ ಬರುವ ಲಿಂಕಿಗೂ ಅದಕ್ಕೂ ಹೆಚ್ಚು ವ್ಯತ್ಯಾಸವಿಲ್ಲ. ಅದೇ ಹೊತ್ತಿಗೆ ಲಕ್ಷಗಟ್ಟಲೆ ಪಾಸ್‌ವರ್ಡ್‌ಗಳನ್ನು ಒಂದೊಂದಾಗಿ ತಿರುಗಿಸಿ ನೋಡುವ ದಾಳಿಯೂ ನಡೆದಿತ್ತು. 6ರಂದು ಇವೆರಡರಲ್ಲಿ ಒಂದು ಫಲಿಸಿ ಜಿರಾದ ಅಡ್ಮಿನ್ ಅಧಿಕಾರ ಅವರ ಕೈಸೇರಿತು. 9ರ ಬೆಳಗ್ಗೆ ಲಾಗಿನ್ ಆದವರ ಪಾಸ್‌ವರ್ಡ್ ಬರೆದಿಟ್ಟುಕೊಳ್ಳುವ ತುಣುಕೊಂದನ್ನು ಕೂರಿಸಿ, ಸರ್ವರ್ ನೋಡಿಕೊಳ್ಳುವ ತಂಡಕ್ಕೆ 'ನಿಮ್ಮ ಪಾಸ್‌ವರ್ಡ್ ಬದಲಾಗಿದೆ' ಎಂಬ ಮೇಲ್ ಕಳಿಸಿದರು. ಏನೋ ಸಣ್ಣ ದೋಷವಿರಬೇಕು ಎಂದುಕೊಂಡು ಅವರು ತಾತ್ಕಾಲಿಕ ಪಾಸ್‌ವರ್ಡ್ ಹಾಕಿ ಒಳಬಂದು, ಮತ್ತೆ ತಮ್ಮ ಹಳೆಯದನ್ನೇ ಹಾಕಿದರು.

ಆ ಹಳೆಯ ಪಾಸ್‌ವರ್ಡ್‌ಗಳಲ್ಲಿ ಒಂದು, 'ಬ್ರೂಟಸ್' ಎಂಬ ಸರ್ವರ್‌ನ ಒಂದು ಖಾತೆಯದೂ ಆಗಿತ್ತು. ಆ ಖಾತೆಗೆ ಸುಡೊದ ಪೂರ್ತಿ ಅಧಿಕಾರವಿತ್ತು. ಒಂದೆರಡು ಆಜ್ಞೆಗಷ್ಟೇ ಅಲ್ಲ, ಎಲ್ಲದಕ್ಕೂ. ಬ್ರೂಟಸ್ ಇಡಿಯಾಗಿ ಹೋಯಿತು. ಅಲ್ಲಿ ಸಿಕ್ಕ ಇನ್ನಷ್ಟು ಪಾಸ್‌ವರ್ಡ್‌ಗಳಿಂದ ಮುಖ್ಯ ಯಂತ್ರ 'ಮಿನೋಟಾರ್' ಒಳಕ್ಕೂ ಕಾಲಿಟ್ಟರು. ಆದರೆ ಅಲ್ಲಿಗೇ ನಿಂತರು. ಆ ಖಾತೆಗಳಿಂದ ಮೇಲಕ್ಕೇರಲು ಆಗಲಿಲ್ಲ. ಮೇಲ್ ಬರತೊಡಗಿ ಸುಮಾರು ಆರು ಗಂಟೆಯ ಮೇಲೆ ತಂಡಕ್ಕೆ ಗೊತ್ತಾಗಿ ಬಾಗಿಲುಗಳನ್ನು ಮುಚ್ಚತೊಡಗಿದರು. ಒಂದೇ ಸಲ ಬಳಸುವ ಪಾಸ್‌ವರ್ಡ್‌ಗಳು ತಮ್ಮನ್ನು ಉಳಿಸಿದವು ಎಂದು ಆಮೇಲೆ ಬರೆದುಕೊಂಡರು. ಬ್ಯಾಂಕಿನಿಂದ ನಿಮಗೆ ಬರುವ ಓಟಿಪಿ ಇದೇ ಕುಲದ್ದು.

ಒಂದೇ ವಾರ, ಒಂದೇ ಕಳ್ಳರು, ಎರಡು ಯಂತ್ರ. ಒಂದರಲ್ಲಿ ಸಿಕ್ಕ ಕೀಲಿ ಮನೆಯನ್ನೆಲ್ಲ ತೆರೆಯಿತು. ಇನ್ನೊಂದರಲ್ಲಿ ಜಗಲಿಯವರೆಗೆ ಮಾತ್ರ ಬಿಟ್ಟಿತು.

ಡೆಬಿಯನ್ ಎಂಬ ಇನ್ನೊಂದು ದೊಡ್ಡ ಯೋಜನೆ ಬೇರೆ ದಾರಿಯಲ್ಲಿ ಇಲ್ಲಿಗೇ ಬಂತು. ಅಲ್ಲಿ ಆಗ ಪೂರ್ಣ ಸದಸ್ಯರಾದ ಯಾರೇ ಆಗಲಿ ಯಾವ ಪ್ಯಾಕೇಜನ್ನಾದರೂ ಹೊಸದಾಗಿ ಏರಿಸಬಹುದಿತ್ತು. ಸದಸ್ಯರಾಗುವ ದಾರಿ ಮಾತ್ರ ಉದ್ದ. ಒಂದೇ ಒಂದು ಪ್ಯಾಕೇಜನ್ನು ಚೆನ್ನಾಗಿ ನೋಡಿಕೊಳ್ಳುತ್ತಿದ್ದವರು ಪ್ರತಿ ಸಲ ಸದಸ್ಯರೊಬ್ಬರ ಮನೆಬಾಗಿಲಲ್ಲಿ ನಿಲ್ಲಬೇಕಿತ್ತು. 2007ರಲ್ಲಿ ಮತ ಹಾಕಿ 'ಡೆಬಿಯನ್ ಮೇಂಟೇನರ್' ಎಂಬ ನಡುಮೆಟ್ಟಿಲನ್ನು ಕಟ್ಟಿದರು. ಮೊದಲ ವ್ಯವಸ್ಥೆಯಲ್ಲಿ ಒಪ್ಪಿಗೆಯ ಗುರುತು ಪ್ಯಾಕೇಜಿನೊಳಗೇ ಇರುತ್ತಿತ್ತು. ಚೀಲದ ಮೇಲೆ ಮುದ್ರೆ ಒತ್ತಿದ ಹಾಗೆ, ಹೊರುವವನು ಯಾರೆಂದು ಅದು ಹೇಳುತ್ತಿರಲಿಲ್ಲ. 2012ರಲ್ಲಿ ಅದನ್ನು ತಿದ್ದಿ, ಇಂಥವರಿಗೆ ಇಂಥ ಪ್ಯಾಕೇಜು ಎಂದು ಹೆಸರು ಹಿಡಿದು ಕೊಡುವಂತೆ ಮಾಡಿದರು.

ಕೊನೆಗೆ 2024. ಎಕ್ಸ್‌ಝಡ್ ಎಂಬುದು ಕಡತಗಳನ್ನು ಹಿಂಡಿ ಚಿಕ್ಕದು ಮಾಡುವ ತಂತ್ರಾಂಶ. ಫಿನ್‌ಲ್ಯಾಂಡಿನ ಲಾಸೆ ಕೊಲಿನ್ ಬಹುಕಾಲದಿಂದ ಹೆಚ್ಚುಕಡಿಮೆ ಒಬ್ಬರೇ, ಸಂಬಳವಿಲ್ಲದೆ ನೋಡಿಕೊಂಡು ಬಂದದ್ದು. ಜಗತ್ತಿನ ಲೆಕ್ಕವಿಲ್ಲದಷ್ಟು ಲಿನಕ್ಸ್ ಯಂತ್ರಗಳಲ್ಲಿ ಅದಿದೆ. 2022ರಲ್ಲಿ ಕೆಲಸ ನಿಧಾನವಾಯಿತೆಂದು ಯಾರು ಯಾರೋ ಅವರನ್ನು ದಬಾಯಿಸಿದರು. ತಮ್ಮ ಮನಸ್ಸಿನ ಆರೋಗ್ಯ ಸರಿಯಿಲ್ಲ, ಇದು ಬಿಡುವಿನಲ್ಲಿ ಮಾಡುವ ಕೆಲಸ ಎಂದು ಅವರು ಹೇಳಿಕೊಳ್ಳಬೇಕಾಯಿತು. ಅದೇ ಕಾಲಕ್ಕೆ ಜಿಯಾ ಟಾನ್ ಎಂಬ ಹೆಸರಿನ ಒಬ್ಬರು ತಾಳ್ಮೆಯಿಂದ, ಸೌಜನ್ಯದಿಂದ ಕೆಲಸಕ್ಕೆ ಕೈಜೋಡಿಸುತ್ತಿದ್ದರು. ಮೆಲ್ಲಮೆಲ್ಲನೆ ಹೊಸ ಆವೃತ್ತಿ ಬಿಡುಗಡೆ ಮಾಡುವ ಹಕ್ಕೂ ಅವರಿಗೆ ಬಂತು. ದಣಿದ ಮನುಷ್ಯ ಕೀಲಿ ಕೊಟ್ಟದ್ದನ್ನು ತಪ್ಪು ಎನ್ನಲು ನಮಗೆ ಬಾಯಿ ಬರುವುದಿಲ್ಲ. ಅಷ್ಟು ವರ್ಷ ಆ ತಂತ್ರಾಂಶ ಬಳಸಿ ಲಾಭ ಮಾಡಿದ ಕಂಪನಿಗಳು ಆಗ ಎಲ್ಲಿದ್ದವು ಎಂದು ಕೇಳಬಹುದು.

2024ರ ಫೆಬ್ರವರಿ, ಮಾರ್ಚ್‌ನಲ್ಲಿ ಬಂದ 5.6.0 ಮತ್ತು 5.6.1 ಆವೃತ್ತಿಗಳಲ್ಲಿ ಕಳ್ಳಬಾಗಿಲಿತ್ತು. ಅದನ್ನು ಕೂಡಿಸಿದ ಜಾಗ ಗಿರಣಿಯೇ. ಪರೀಕ್ಷೆಯ ಕಡತಗಳೆಂಬ ಹೆಸರಿನಲ್ಲಿ ವಿಷವನ್ನು ಬಯಲಿನ ಕೋಡಿನ ನಡುವೆಯೇ ಇಟ್ಟಿದ್ದರು. ಆದರೆ ಅದನ್ನು ಬಿಚ್ಚಿ ಬಿಲ್ಡ್‌ಗೆ ಬೆರೆಸುವ ಸಾಲುಗಳು ಬಯಲಲ್ಲಿ ಇರಲಿಲ್ಲ, ಬಿಡುಗಡೆ ಮಾಡಿದ ಗಂಟಿನೊಳಗೆ ಮಾತ್ರ ಇದ್ದವು. ಪೋಸ್ಟ್‌ಗ್ರೆಸ್ ಡೇಟಾಬೇಸಿನ ಕೆಲಸ ಮಾಡುವ ಆಂಡ್ರೆಸ್ ಫ್ರಾಯ್ಂಡ್ ತಮ್ಮ ಯಂತ್ರದಲ್ಲಿ ಲಾಗಿನ್ ಅರ್ಧ ಸೆಕೆಂಡಿನಷ್ಟು ತಡವಾಗುವುದನ್ನು ಗಮನಿಸಿ, ಬೆನ್ನುಹತ್ತಿ ಹೋಗಿ, ಮಾರ್ಚ್ 29ರಂದು ಜಗತ್ತಿಗೆ ತಿಳಿಸಿದರು. ಆಗಿನ್ನೂ ಆ ಆವೃತ್ತಿಗಳು ಹೆಚ್ಚಾಗಿ ಪರೀಕ್ಷೆಯ ಹಂತದ ಲಿನಕ್ಸ್‌ಗಳಿಗಷ್ಟೇ ತಲುಪಿದ್ದವು.

ಸುದ್ದಿ ಹೊರಬಿದ್ದ ಮೇಲೆ ಕೊಲಿನ್ ತಮ್ಮ ಪುಟದಲ್ಲಿ ಒಂದು ವಿವರಣೆ ಬರೆದರು. ಗಿಟ್‌ಹಬ್‌ನಲ್ಲಿ ಇದ್ದವು ಮತ್ತು ಅಲ್ಲಿಂದ ನಡೆಯುತ್ತಿದ್ದ ಒಂದು ಉಪತಾಣ, ಇಷ್ಟು ಮಾತ್ರ ಜಿಯಾ ಟಾನ್ ಕೈಯಲ್ಲಿತ್ತು. ಮುಖ್ಯ ತಾಣ, ಅಲ್ಲಿಟ್ಟಿದ್ದ ಕೋಡಿನ ಭಂಡಾರ ಇವುಗಳ ಕೀಲಿ ಅವರೊಬ್ಬರ ಬಳಿಯೇ ಉಳಿದಿತ್ತು. ಗಿಟ್‌ಹಬ್ ಆ ಹೊತ್ತಿನಲ್ಲಿ ಇಬ್ಬರ ಖಾತೆಗೂ ಬೀಗ ಹಾಕಿತು, ಕೊಲಿನ್ ಅವರದನ್ನೂ ಸೇರಿಸಿ. ಹಾಗಾಗಿ ಅವರು ಜಗತ್ತಿನೊಂದಿಗೆ ಮಾತಾಡಿದ್ದು, ಕೈಬಿಡದೆ ಇಟ್ಟುಕೊಂಡಿದ್ದ ಆ ಹಳೆಯ ತಾಣದಿಂದಲೇ. ಆಮೇಲೆ ಕೂತು ಇಡೀ ಕೋಡನ್ನು ತಿರುವಿ ನೋಡಿ, ಕಳ್ಳಬಾಗಿಲು ಕಿತ್ತುಹಾಕಿ, ಮೇ 29ರಂದು 5.6.2 ಆವೃತ್ತಿಯನ್ನು ಅವರೇ ಬಿಡುಗಡೆ ಮಾಡಿದರು.