ಅಹವಾಲು ಕೇಳಿದವರೇ ತೀರ್ಮಾನಿಸಬೇಕು

'ಅಹವಾಲು' ನಮ್ಮ ಕಚೇರಿಗಳ ಕನ್ನಡದಲ್ಲಿ ಬೇರುಬಿಟ್ಟ ಮಾತು. ಅರಬ್ಬಿಯಲ್ಲಿ 'ಹಾಲ್' ಎಂದರೆ ಸ್ಥಿತಿ. 'ಅಹ್ವಾಲ್' ಅದರ ಬಹುವಚನ. ಅಹವಾಲು ಹೇಳಿಕೊಳ್ಳುವುದೆಂದರೆ ಕೈಚಾಚಿ ಬೇಡುವುದಲ್ಲ, ತಾನಿರುವ ಸ್ಥಿತಿಯನ್ನು ತಿಳಿಸುವುದು. ತನ್ನೂರಿನ ಬಸ್ಸಿನ ಬಗ್ಗೆ ಹಾಗೆ ತಿಳಿಸುವ ಹಕ್ಕು ಸಾಮಾನ್ಯ ಪ್ರಯಾಣಿಕನಿಗೆ ಇತ್ತೇ? ಈ ಪ್ರಶ್ನೆಯ ಹಿಂದೆ ಅರ್ಧ ಶತಮಾನಕ್ಕೂ ಮೀರಿದ ಚರಿತ್ರೆಯಿದೆ.

ಮೈಸೂರು ಸರಕಾರ 1948ರಲ್ಲಿ 120 ಬಸ್ಸುಗಳೊಂದಿಗೆ ತನ್ನ ರಸ್ತೆ ಸಾರಿಗೆ ಇಲಾಖೆಯನ್ನು ಆರಂಭಿಸಿತು. ಆಗ ಬಹುತೇಕ ಊರುಗಳಿಗೆ ಖಾಸಗಿ ಬಸ್ಸೇ ಗತಿ. ಅವುಗಳ ಮಾರ್ಗಗಳನ್ನು ಸರಕಾರಿ ಸಾರಿಗೆಗೆ ವಹಿಸಿಕೊಡುವ ವಿಧಾನವನ್ನು, 1939ರ ಮೋಟಾರು ವಾಹನ ಕಾಯ್ದೆಗೆ 1956ರಲ್ಲಿ ಸೇರಿದ ಹೊಸ ಅಧ್ಯಾಯ ಗೊತ್ತುಮಾಡಿತು. ಯೋಜನೆ ಮೊದಲು ಗೆಜೆಟ್ಟಿನಲ್ಲಿ ಪ್ರಕಟವಾಗಬೇಕು. ಅದರಿಂದ ಬಾಧೆಗೊಳಗಾಗುವ ಯಾರೇ ಆಗಲಿ 30 ದಿನಗಳೊಳಗೆ ಆಕ್ಷೇಪಣೆ ಸಲ್ಲಿಸಬಹುದು. ಅವರ ಮಾತು ಕೇಳಿದ ಮೇಲಷ್ಟೇ ಸರಕಾರ ಒಪ್ಪಿಗೆ ಕೊಡಬೇಕು.

ಆದರೆ ಕೇಳುವುದೆಂದರೇನು? ಆಂಧ್ರದ ಕೃಷ್ಣಾ ಜಿಲ್ಲೆಯ ಖಾಸಗಿ ಬಸ್ ಮಾಲೀಕರು ಇದನ್ನೇ ಸುಪ್ರೀಂ ಕೋರ್ಟಿನ ಮುಂದಿಟ್ಟರು. ಅಲ್ಲಿ ಆಕ್ಷೇಪಣೆ ಕೇಳಿದವರು ಸಾರಿಗೆ ಇಲಾಖೆಯ ಕಾರ್ಯದರ್ಶಿ. ತೀರ್ಮಾನ ಕೊಟ್ಟವರು ಮುಖ್ಯಮಂತ್ರಿ. 1958ರ ನವೆಂಬರಿನಲ್ಲಿ ಬಹುಮತದ ತೀರ್ಪು ಬರೆದ ನ್ಯಾಯಮೂರ್ತಿ ಕೆ. ಸುಬ್ಬರಾವ್ ಆ ಕ್ರಮವನ್ನು ಒಪ್ಪಲಿಲ್ಲ. ಒಬ್ಬರು ಕೇಳಿ ಇನ್ನೊಬ್ಬರು ನಿರ್ಧರಿಸಿದರೆ ಕೇಳಿದ್ದೆಲ್ಲ ಬರಿಯ ಶಾಸ್ತ್ರವಾಗುತ್ತದೆ ಎಂಬುದು ಅದರ ಸಾರ. ಬೆಂಗಳೂರಿಗೆ ಹತ್ತಿರದ ಆನೇಕಲ್ ಭಾಗದ ಮಾರ್ಗಗಳ ತಕರಾರೂ 1960ರಲ್ಲಿ ಅದೇ ಕೋರ್ಟಿಗೆ ಹೋಯಿತು. ಅಲ್ಲಿ ಆಕ್ಷೇಪಣೆಗಳನ್ನು ಮುಖ್ಯಮಂತ್ರಿಯವರೇ ಕೇಳಿದ್ದರು, ಯೋಜನೆ ಉಳಿಯಿತು.

ಈ ಮೊಕದ್ದಮೆಗಳಲ್ಲಿ ನಿಂತವರು ಬಸ್ಸಿನ ಮಾಲೀಕರು. ಬಸ್ಸಿಗಾಗಿ ಕಾಯುವವರು ಅಲ್ಲಿ ಕಾಣುವುದಿಲ್ಲ. ಗೆಜೆಟ್ ಓದಿ, ವಕೀಲರನ್ನು ಹಿಡಿದು, ರಾಜಧಾನಿಗೆ ಓಡಾಡುವ ಶಕ್ತಿ ಸಂತೆಗೆ ಹೊರಟವಳಿಗೆ ಎಲ್ಲಿಂದ ಬರಬೇಕು? ಸಾಲದ್ದಕ್ಕೆ 1969ರ ತಿದ್ದುಪಡಿ ಆಕ್ಷೇಪಿಸಬಲ್ಲವರ ಪಟ್ಟಿಯನ್ನೇ ಕಿರಿದುಮಾಡಿತು. ಆ ಮಾರ್ಗದಲ್ಲಿ ಆಗಲೇ ವಾಹನ ಓಡಿಸುವವರು, ಸರಕಾರ ಮಾನ್ಯ ಮಾಡಿದ ಸಂಘಗಳು, ಸ್ಥಳೀಯ ಸಂಸ್ಥೆ ಮತ್ತು ಪೊಲೀಸರು ಮಾತ್ರ ಅದರಲ್ಲಿ ಉಳಿದರು. ಟಿಕೆಟ್ ಕೊಂಡು ಕೂರುವವರು ಹೊರಗಾದರು. 1988ರ ಹೊಸ ಕಾಯ್ದೆ ಬಾಗಿಲನ್ನು ಮತ್ತೆ ತೆರೆಯಿತು: ಪ್ರಸ್ತಾಪವನ್ನು ಪ್ರಾದೇಶಿಕ ಭಾಷೆಯ ಪತ್ರಿಕೆಯಲ್ಲೂ ಪ್ರಕಟಿಸಬೇಕು, ಯಾರು ಬೇಕಾದರೂ ಆಕ್ಷೇಪಿಸಬಹುದು ಎಂದಿತು.

ಬಾಗಿಲು ತೆರೆದರೂ ಹೊಸಿಲು ದಾಟಲು ಇನ್ನೊಂದು ತೊಡಕಿದೆ. ಇದೆಲ್ಲ ಮಾರ್ಗವೊಂದನ್ನು ಸರಕಾರಿ ಸಾರಿಗೆ ವಹಿಸಿಕೊಳ್ಳುವ ಹೊತ್ತಿನ ಮಾತು. ನಿಗಮ ತನ್ನದೇ ಬಸ್ಸಿನ ವೇಳೆ ಬದಲಿಸಿದರೆ, ಒಂದು ಟ್ರಿಪ್ ನಿಲ್ಲಿಸಿದರೆ, ಈ ವಿಧಾನ ನೆರವಿಗೆ ಬಾರದು. ಆದರೆ ಬಡವರ ದಿನಚರಿ ತಪ್ಪುವುದು ಅಲ್ಲೇ. ಮಧ್ಯಾಹ್ನದ ಬಸ್ಸು ನಿಂತರೆ ಸರಕಾರಿ ಆಸ್ಪತ್ರೆಗೆ ಹೋದ ಮುದುಕಿ ಸಂಜೆಯವರೆಗೆ ನಿಲ್ದಾಣದಲ್ಲೇ ಕೂರಬೇಕು. ಸಂಜೆಯ ಬಸ್ಸು ತಡವಾಗತೊಡಗಿದರೆ 'ಕತ್ತಲಾಗುತ್ತದೆ' ಎಂದು ಮನೆಯವರು ಹುಡುಗಿಯ ಕಾಲೇಜನ್ನೇ ಬಿಡಿಸುತ್ತಾರೆ. ನಮ್ಮ ಮೊಹಲ್ಲಾಗಳಲ್ಲಿ ಇದು ಕಥೆಯಲ್ಲ.

2023ರ ಜೂನ್ 11ರಂದು ರಾಜ್ಯದ ಮಹಿಳೆಯರಿಗೆ ಉಚಿತ ಪ್ರಯಾಣದ ಶಕ್ತಿ ಯೋಜನೆ ಆರಂಭವಾಯಿತು. ಟಿಕೆಟ್ಟಿನ ಗೋಡೆ ಬಿದ್ದದ್ದು ದೊಡ್ಡ ಸಂಗತಿಯೇ. ಆದರೆ ಬಸ್ಸು ಎಲ್ಲಿಂದ ಎಲ್ಲಿಗೆ, ಎಷ್ಟು ಗಂಟೆಗೆ ಎಂಬುದನ್ನು ಹೇಳಬೇಕಾದವರೂ ಅವರೇ ಅಲ್ಲವೇ? ವೇಳಾಪಟ್ಟಿ ಬದಲಿಸುವ ಮುನ್ನ ಅದರ ನಕಲನ್ನು ಬಸ್ ನಿಲ್ದಾಣದಲ್ಲಿ ಅಂಟಿಸಿ, ಒಂದು ದಿನ ಅಧಿಕಾರಿ ಅಲ್ಲೇ ಕುಳಿತು ಅಹವಾಲು ಕೇಳಲಿ. ಕೇಳಿದವರೇ ತೀರ್ಮಾನಿಸಲಿ. ಮಾಲೀಕರು 1958ರಲ್ಲಿ ಗೆದ್ದ ನ್ಯಾಯ ಇಷ್ಟೇ. ಪ್ರಯಾಣಿಕರಿಗೂ ಅದು ಸಲ್ಲಬೇಕು.